ಮೂರು ಸಲ ಕೂಗಿದ ಮೇಲೆ

ಟ್ಯಾಂಪಿನೀಸ್, ಸಿಂಗಪುರ
18 ಆಗಸ್ಟ್ 2024

ಪೂಜ್ಯ ಮಾವನವರಿಗೆ ರೋಹಿಣಿಯ ಶರಣಾರ್ಥಿ.

ನಾನೂ ರಿಷಿಕಾಳೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತನ್ನು ಕಾಗದದಲ್ಲಿ ಬರೆಯುವುದು ನನಗೂ ಈಗ ರೂಢಿಯಾಗಿದೆ. ನಿಮ್ಮ ಕಿವಿ ಮಂದವಾದದ್ದರಿಂದ ನನ್ನ ಕೈಬರಹ ಸುಧಾರಿಸಿತು ಎಂದು ಅತ್ತೆಯವರಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕುಬಿಟ್ಟರು. "ನಿಮ್ಮ ಮಾವಾರಿಗೆ ಬ್ಯಾಡಾದದ್ದಷ್ಟ ಕೇಳಸಂಗಿಲ್ಲ" ಎಂದರು.

ಕೇಸಿನ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ನಮ್ಮ ವಕೀಲೆಯಿಂದ ಮೊನ್ನೆ ಮೇಲ್ ಬಂತು. ದಾವೆ ಹಾಕಿ ಒಂದೂವರೆ ವರ್ಷವಾದರೂ ವಿಚಾರಣೆಗೆ ದಿನ ಸಿಕ್ಕಿಲ್ಲ. ಕಂಪನಿ ಕಳಿಸಿದ ಕೆಲಸಕ್ಕೆಂದು ಹೋಗಿ ಇವರು ತೀರಿಕೊಂಡ ಅಲ್ಲಿನ ಆ ಕಾರ್ಖಾನೆಯ ಸುತ್ತಲಿನ ಅಷ್ಟು ದೊಡ್ಡ ಸೀಮೆಗೆಲ್ಲ ಸೇರಿ ಆರೇ ಫೆಡರಲ್ ನ್ಯಾಯಾಧೀಶರಂತೆ. ನಲವತ್ತು ವರ್ಷದಿಂದ ಅದೇ ಆರು. ಈಗ ದೇಶಕ್ಕೆಲ್ಲ ಅರವತ್ತಕ್ಕೂ ಹೆಚ್ಚು ಹೊಸ ನ್ಯಾಯಾಧೀಶರನ್ನು ಕೊಡುವ ಮಸೂದೆಯೊಂದು ಅಲ್ಲಿನ ಮೇಲ್ಮನೆಯಲ್ಲಿ ಪಾಸಾಗಿದೆ. ಕೆಳಮನೆ ಬಾಕಿ ಇದೆ.

ಇನ್ನೊಂದು ದಾರಿಯೂ ಇದೆ. ಅದೇ ಕೋರ್ಟಿನಲ್ಲಿ ಎಂಟು ವರ್ಷದ ಅವಧಿಗೆ ನೇಮಕವಾದ ಸಹಾಯಕ ನ್ಯಾಯಾಧೀಶರಿದ್ದಾರೆ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರೆ ಅವರೇ ವಿಚಾರಣೆ ನಡೆಸುತ್ತಾರೆ. ಕಾರ್ಖಾನೆಯವರು ಒಪ್ಪಿದ್ದಾರೆ. ನಾನೂ ಒಪ್ಪಿದರೆ ಬರುವ ಏಪ್ರಿಲ್‌ನಲ್ಲೇ ವಿಚಾರಣೆಯಾಗಬಹುದಂತೆ. ಇಲ್ಲವಾದರೆ ಹೊಸ ನ್ಯಾಯಾಧೀಶರು ಬರುವವರೆಗೆ ಕಾಯಬೇಕು. ಫಾರ್ಮನ್ನು ಸೆಪ್ಟೆಂಬರ್ ಕೊನೆಯೊಳಗೆ ಕೊಡಬೇಕು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು ನೀವು. ಏನು ಮಾಡಲಿ, ಹೇಳಿ.

ನನಗೆ ಇಷ್ಟು ಅವಸರ ಯಾಕೆಂದು ನೀವು ಕೇಳಬಹುದು. ಕಾರ್ಖಾನೆಯ ವರದಿ ನನ್ನ ಕಪಾಟಿನಲ್ಲಿತ್ತು. ಹೋದ ವಾರ ಅದು ರಿಷಿಕಾಳ ಕೈಗೆ ಸಿಕ್ಕಿತು. ಹನ್ನೊಂದು ವರ್ಷದವಳು, ಇಂಗ್ಲಿಷ್ ಓದಲು ನನ್ನ ಸಹಾಯ ಬೇಕಿಲ್ಲ. "ಅನಿಲದ ಕೊಳವೆ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಮೃತರು ಆತುರದಿಂದ ಟ್ಯಾಂಕಿನೊಳಗೆ ಇಳಿದರು" ಎಂಬ ಸಾಲಿಗೆ ಬೆರಳಿಟ್ಟು ಇಲ್ಲಿನ ಮಕ್ಕಳ ಧಾಟಿಯಲ್ಲಿ ಕೇಳಿದಳು: "ಅಮ್ಮಾ, ಅಪ್ಪ ಚೆಕ್ ಮಾಡ್ಲಿಲ್ವಾ? ಯಾಕೆ ಲಾ?" ಮಾಡಿರುತ್ತಾರೆ ಎಂದೆ. "ನೀನು ನೋಡಿದ್ಯಾ?" ಎಂದಳು. ಅವಳಿಗೆ ತೋರಿಸಲು ನನಗೆ ಇನ್ನೊಂದು ಕಾಗದ ಬೇಕು, ಮಾವ. ಅಷ್ಟೇ.

ನಿಮ್ಮ,
ರೋಹಿಣಿ


ಪತ್ರ ಸಂಖ್ಯೆ 22
ಗದಗ, 5 ಸೆಪ್ಟೆಂಬರ್ 2024

ಚಿ. ರೋಹಿಣಿಗೆ ಆಶೀರ್ವಾದ.

ನಿನ್ನ ಕಾಗದ ಹದಿನಾರನೆಯ ದಿನಕ್ಕೆ ಬಂತು. ನಮ್ಮ ಕೋರ್ಟಿನ ಸಮನ್ಸಿಗಿಂತ ಬೇಗ. ನಿನ್ನ ಅತ್ತೆಯ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಅದು ನನಗೆ ಕೇಳಿಸಿಲ್ಲ.

ಸಹಿ ಹಾಕಬೇಡ.

ಕಾರಣ ಹೇಳುತ್ತೇನೆ. ನಮ್ಮಲ್ಲಿ ಖಾಯಂ ಸಾಹೇಬರು ರಜೆ ಹೋದಾಗ ಪಕ್ಕದ ಕೋರ್ಟಿನವರು ಇನ್‌ಚಾರ್ಜ್ ಆಗಿ ಕೂರುತ್ತಾರೆ. ಇನ್‌ಚಾರ್ಜ್ ಸಾಹೇಬರು ಮುಂದಿನ ದಿನಾಂಕ ಕೊಡುತ್ತಾರೆ, ತೀರ್ಪು ಕೊಡುವುದಿಲ್ಲ. ಇನ್ನೊಬ್ಬರ ಹೊಲದಲ್ಲಿ ಯಾರು ಬೆವರು ಸುರಿಸುತ್ತಾರೆ? ಅಂಥವರೊಬ್ಬರು ಒಂದೇ ಮುಂಜಾನೆ ನೂರ ಹದಿನೆಂಟು ಕೇಸಿಗೆ ದಿನಾಂಕ ಕೊಟ್ಟು, ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಹೋದರು. ಅಷ್ಟನ್ನೂ ಡೈರಿಗೆ ಏರಿಸಿದವನು ನಾನು, ನನ್ನ ಊಟ ಮೂರು ಗಂಟೆಗೆ ಆಯಿತು. ನೀನು ಹೇಳುವ ಎಂಟು ವರ್ಷದ ಸಾಹೇಬರೂ ಅಂಥವರೇ. ಅವರು ಏನಾದರೂ ಬರೆದರೂ ಮೇಲಿನ ಕೋರ್ಟು ಅದನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೋ ಯಾರು ಬಲ್ಲರು.

ಮಸೂದೆ ಪಾಸಾಗಲಿ. ಖಾಯಂ ನ್ಯಾಯಾಧೀಶರು ಬರಲಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ರಿಷಿಕಾ ಕೇಳಿದ್ದನ್ನು ಓದಿದೆ. ಅವಳ ಅಪ್ಪ ಶಿವಯೋಗಿ ಸಣ್ಣವನಿದ್ದಾಗ ಬೇಸಿಗೆ ರಜೆಯಲ್ಲಿ ನನ್ನ ಜೊತೆ ಕೋರ್ಟಿಗೆ ಬರುತ್ತಿದ್ದ. ಕಕ್ಷಿದಾರರ ಹೆಸರು ಕೂಗುವ ಜವಾನ ಕಿಟ್ಟಿಯ ಪಕ್ಕ ಬಾಗಿಲಲ್ಲಿ ನಿಂತು ತಾನೂ ಕೂಗುತ್ತಿದ್ದ. ಒಂದು ಕಡೆ ಕೂತವನೇ ಅಲ್ಲ. ರೊಟ್ಟಿ ಹಂಚಿನ ಮೇಲಿದ್ದಾಗಲೇ ಕೈ ಹಾಕುತ್ತಿದ್ದ, ಸುಟ್ಟುಕೊಳ್ಳುತ್ತಿದ್ದ, ಮರುದಿನ ಮತ್ತೆ ಹಾಕುತ್ತಿದ್ದ. ಅದಿರಲಿ.

ಹುಡುಗಿಗೆ ಹೇಳು, ಕೇಸು ಇನ್ನೂ ನಡೆದಿದೆ ಎಂದು.

ಈರಬಸಪ್ಪ


ಟ್ಯಾಂಪಿನೀಸ್
24 ಸೆಪ್ಟೆಂಬರ್ 2024

ಪೂಜ್ಯ ಮಾವನವರಿಗೆ ಶರಣಾರ್ಥಿ.

ನಿಮ್ಮ ಪತ್ರ ತಲುಪಿತು. ಹೇಳಿದ್ದು ಅರ್ಥವಾಯಿತು. ಫಾರ್ಮಿನ ವಿಷಯ ವಕೀಲೆಗೆ ತಿಳಿಸಿದ್ದೇನೆ. ನೀವು ಆ ಯೋಚನೆ ಬಿಡಿ.

ಇಲ್ಲಿ ಪರೀಕ್ಷೆಗಳ ಕಾಲ. ನಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಾಗದಲ್ಲಿ, ಇಲ್ಲಿಯವರು ಹೇಳುವ ವಾಯ್ಡ್ ಡೆಕ್‌ನಲ್ಲಿ ಹಾಕಿರುವ ಕಲ್ಲಿನ ಮೇಜಿಗೆ ಕೂತು ರಿಷಿಕಾ ಲೆಕ್ಕ ಬಿಡಿಸುತ್ತಾಳೆ. ಮನೆಯಲ್ಲಿ ನಾನು ಇಣುಕಿ ನೋಡುತ್ತೇನೆಂದು ಅವಳ ದೂರು. ಜುರಾಂಗ್ ಐಲ್ಯಾಂಡಿಗೆ ಹೋಗುವ ಇವರ ಕಂಪನಿ ಬಸ್ಸು ಈಗಲೂ ಬೆಳಿಗ್ಗೆ ಆರೂಕಾಲಿಗೆ ಎದುರಿನ ಸ್ಟಾಪಿನಲ್ಲಿ ನಿಲ್ಲುತ್ತದೆ. ನಾನು ಆಫೀಸಿಗೆ ಈಗ ಏಳರ ಬದಲು ಆರಕ್ಕೇ ಹೊರಡುತ್ತೇನೆ.

ರೋಹಿಣಿ


ಪತ್ರ ಸಂಖ್ಯೆ 25
ಗದಗ, 18 ಡಿಸೆಂಬರ್ 2024

ಚಿ. ರೋಹಿಣಿಗೆ ಆಶೀರ್ವಾದ.

ಮಸೂದೆ ಕೆಳಮನೆಯಲ್ಲೂ ಪಾಸಾಯಿತು! ವಕೀಲ ಜಯತೀರ್ಥರು ಮೊಬೈಲ್ ಹಿಡಿದುಕೊಂಡು ಮನೆಗೇ ಬಂದರು. ನಿನ್ನ ಅತ್ತೆ ಅವರಿಗೆ ಗಿರಮಿಟ್ಟು, ಮಿರ್ಚಿ ಮಾಡಿ ಕೊಟ್ಟಳು. "ಅಂದ್ರ ಇನ್ನ ನಮ್ಮ ಹುಡುಗನ ಹೆಸರ ಕೂಗತಾರ?" ಎಂದು ಕೇಳಿದಳು. ಇನ್ನೂ ಅಧ್ಯಕ್ಷರ ಸಹಿ ಆಗಬೇಕು ಎಂದೆ. "ಅವರಿಗೇನ ಸಹಿ ಮಾಡಾಕ ಧಾಡಿ?" ಎಂದು ಒಳಗೆ ಹೋದಳು.

ನಾನು ಜಯತೀರ್ಥರಿಗೆ ನಾಲ್ಕು ಪ್ರಶ್ನೆ ಕೇಳಿದೆ. ಹೊಸ ಹುದ್ದೆಗಳೆಲ್ಲ ಒಂದೇ ಸಲ ಬರುತ್ತವೆಯೋ, ಕಂತಿನಲ್ಲೋ? ಕಂತಿನಲ್ಲಿ, ಹತ್ತು ವರ್ಷದಲ್ಲಿ. ನಮ್ಮ ಕೇಸಿರುವ ಕೋರ್ಟಿಗೆ ಮೊದಲನೆಯ ಕಂತಿನಲ್ಲಿ ಎಷ್ಟು? ನೋಡಿ ಹೇಳುತ್ತೇನೆ ಎಂದರು. ನೇಮಕಕ್ಕೆ ಎಷ್ಟು ತಿಂಗಳು? ಆರಾದರೂ ಬೇಕು. ಬಂದವರು ಹಳೆಯ ಕೇಸು ಮೊದಲು ತೆಗೆಯುತ್ತಾರೋ ಹೊಸದನ್ನೋ? ಅವರಿಗೆ ಗೊತ್ತಿರಲಿಲ್ಲ.

ಹಾಗಾಗಿ ನೀನು ನಾಳೆಯೇ ಆಗಿಬಿಡುತ್ತದೆ ಎಂದುಕೊಳ್ಳಬೇಡ. ಎಷ್ಟು ಬೇಗವೆಂದರೂ ಎರಡು, ಎರಡೂವರೆ ವರ್ಷ.

ಈರಬಸಪ್ಪ


ಟ್ಯಾಂಪಿನೀಸ್
2 ಜನವರಿ 2025

ಪೂಜ್ಯ ಮಾವನವರಿಗೆ ಶರಣಾರ್ಥಿ.

ಈ ಸುದ್ದಿ ಜಯತೀರ್ಥ ಅಂಕಲ್ ಆಗಲೇ ಹೇಳಿರಬಹುದು. ಅಧ್ಯಕ್ಷರು ಸಹಿ ಹಾಕಲಿಲ್ಲ. ಡಿಸೆಂಬರ್ 23ರಂದು ಮಸೂದೆಯನ್ನು ತಿರಸ್ಕರಿಸಿ ವಾಪಸು ಕಳಿಸಿದರು. ಚುನಾವಣೆ ಆಗುವವರೆಗೆ ಕೆಳಮನೆಯವರು ಅದನ್ನು ಹಿಡಿದಿಟ್ಟರು, ಫಲಿತಾಂಶ ನೋಡಿಕೊಂಡು ಪಾಸು ಮಾಡಿದರು, ಆ ಹೊತ್ತಿಗೆ ಯಾರು ಯಾರನ್ನು ನೇಮಿಸಬೇಕು ಎಂಬ ಜಗಳ ದೊಡ್ಡದಾಗಿತ್ತು. ನ್ಯಾಯಾಧೀಶರು ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ ಎಂದು ನಮ್ಮ ವಕೀಲೆ ಬೇಸರದಿಂದ ಬರೆದಿದ್ದಾರೆ.

ನಿಮ್ಮ ಹಿಂದಿನ ಕಾಗದದಲ್ಲಿ ಲೆಕ್ಕ ಹಾಕಿ ಹಾಕಿ ಎಷ್ಟು ಕಾದಿದ್ದಿರೆಂದು ನನಗೆ ಕಾಣಿಸಿತು. ನಿಮಗೆ ಎಷ್ಟು ನಿರಾಶೆಯಾಗಿರಬೇಕು. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಿಪಿ ಮಾತ್ರೆ ತಪ್ಪಿಸಬೇಡಿ. ಬೇರೆ ಏನಾದರೂ ದಾರಿ ಆಗುತ್ತದೆ.

ರೋಹಿಣಿ


ಪತ್ರ ಸಂಖ್ಯೆ 26
ಗದಗ, 20 ಜನವರಿ 2025

ಚಿ. ರೋಹಿಣಿಗೆ ಆಶೀರ್ವಾದ.

ನನ್ನ ಚಿಂತೆ ಮಾಡಬೇಡ. ನಾನು ಗಟ್ಟಿಯಾಗಿದ್ದೇನೆ. ಸಂಕ್ರಾಂತಿ ಊಟಕ್ಕೆ ಸಿಹಿ ಮಾದಲಿ ಎರಡು ಸಲ ಹಾಕಿಸಿಕೊಂಡೆ. ನಿನ್ನ ನಾದಿನಿ ವಿದ್ಯಾಶ್ರೀ ಹುಬ್ಬಳ್ಳಿಯಿಂದ ಗಂಡನ ಜೊತೆ ಬಂದಿದ್ದಳು. ಸಜ್ಜಿರೊಟ್ಟಿ, ಎಣ್ಣೆಗಾಯಿ, ಎಲ್ಲ ಆಯಿತು. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಮಸೂದೆ ಬಿದ್ದರೆ ಬೀಳಲಿ. ಅವಸರವೇನಿದೆ? ಕೋರ್ಟಿನಲ್ಲಿ ನಾನು ಕಲಿತದ್ದು ಒಂದಿದೆ. ಕೇಸು ಬಾಕಿ ಇರುವವರೆಗೆ ಯಾರದೂ ತಪ್ಪಿಲ್ಲ. ವಾದಿಯೂ ತಲೆ ಎತ್ತಿ ಸಂತೆಗೆ ಹೋಗುತ್ತಾನೆ, ಪ್ರತಿವಾದಿಯೂ ಹೋಗುತ್ತಾನೆ. ತೀರ್ಪು ಬಂದ ದಿನವೇ ಒಬ್ಬ ಮನೆಯಲ್ಲಿ ಕೂರಬೇಕಾಗುತ್ತದೆ.

ಈರಬಸಪ್ಪ


ಟ್ಯಾಂಪಿನೀಸ್
28 ಮಾರ್ಚ್ 2025

ಪೂಜ್ಯ ಮಾವನವರಿಗೆ ಶರಣಾರ್ಥಿ.

ಆಫೀಸಿನ ಕೆಲಸಕ್ಕಾಗಿ ಮುಂದಿನ ತಿಂಗಳು ಎರಡು ವಾರ ಹೊರಗೆ ಹೋಗುತ್ತಿದ್ದೇನೆ. ರಿಷಿಕಾ ಮೇಲಿನ ಮಹಡಿಯ ಸುನಂದಾ ಆಂಟಿಯ ಮನೆಯಲ್ಲಿರುತ್ತಾಳೆ. ಆ ಹೊತ್ತಿನಲ್ಲಿ ಕಾಗದ ಬರೆಯಲು ಆಗಲಿಕ್ಕಿಲ್ಲ. ಗಾಬರಿಯಾಗಬೇಡಿ.

ರೋಹಿಣಿ


ಪತ್ರ ಸಂಖ್ಯೆ 29
ಗದಗ, 10 ಜೂನ್ 2025

ಚಿ. ರೋಹಿಣಿಗೆ ಆಶೀರ್ವಾದ.

ನೀನು ಎರಡು ವಾರ ಎಂದು ಬರೆದಿದ್ದೆ. ಎರಡು ತಿಂಗಳು ಮೇಲಾಯಿತು. 27 ಮತ್ತು 28ನೆಯ ಪತ್ರಕ್ಕೆ ನಿನ್ನಿಂದ ಉತ್ತರವಿಲ್ಲ. ನಿನ್ನ ಅತ್ತೆ ಫೋನ್ ಮಾಡಿದರೆ ಚೆನ್ನಾಗಿದ್ದೇನೆ ಎಂದು ಹೇಳಿ ಇಡುತ್ತೀಯಂತೆ. ಹೋದದ್ದು ಯಾವ ದೇಶಕ್ಕೆ ಎಂದು ಕೇಳಿದರೆ ಮಾತು ಬದಲಿಸಿದೆಯಂತೆ. "ನೀವ ಏನರ ಬರದು ಅಕಿನ ಮನಸ್ಸ ನೋಯಿಸೀರಿ" ಎಂದು ನನ್ನ ಮೇಲೆ ಹಾಯ್ದಳು.

ನ್ಯಾಯಾಧೀಶರನ್ನು ಹೆಚ್ಚಿಸುವ ಮಸೂದೆಯನ್ನು ಅಲ್ಲಿ ಮತ್ತೆ ಮಂಡಿಸಿದ್ದಾರೆ ಎಂದು ಜಯತೀರ್ಥರು ಹೇಳಿದರು. ಮೊದಲಿನಿಂದ ಎಲ್ಲ ಮತ್ತೆ ಆಗಬೇಕು. ಆಗಲಿ, ಕಾಯೋಣ.

ನಾನೇನಾದರೂ ತಪ್ಪು ಬರೆದಿದ್ದರೆ ಯಾವ ಪತ್ರದಲ್ಲಿ ಎಂದು ಸಂಖ್ಯೆ ಹಾಕಿ ತಿಳಿಸು.

ಈರಬಸಪ್ಪ


ಟ್ಯಾಂಪಿನೀಸ್
29 ಜೂನ್ 2025

ಪೂಜ್ಯ ಮಾವನವರಿಗೆ ಶರಣಾರ್ಥಿ.

ಸಂಖ್ಯೆ ಕೇಳಿದ್ದೀರಿ. 26.

ಆ ಕಾಗದವನ್ನು ನಾನು ಆಫೀಸಿಗೆ ಹೋಗುವಾಗ ಎಂಆರ್‌ಟಿಯಲ್ಲಿ ಓದಿದೆ. ಇಳಿಯಬೇಕಾದದ್ದು ಎಕ್ಸ್‌ಪೋದಲ್ಲಿ, ಚಾಂಗಿ ವಿಮಾನ ನಿಲ್ದಾಣ ಬಂದು ರೈಲು ಖಾಲಿಯಾದಾಗ ಎಚ್ಚರವಾಯಿತು. ಮಸೂದೆ ಬಿದ್ದ ಸುದ್ದಿ ಕೇಳಿ ಮಾದಲಿ ಎರಡು ಸಲ ಹಾಕಿಸಿಕೊಂಡೆ, ಚೆನ್ನಾಗಿ ನಿದ್ದೆ ಬಂತು ಎಂದು ಬರೆದಿದ್ದಿರಿ. ನನಗೆ ಸಿಟ್ಟು ಬಂತು, ಮಾವ. ಸತ್ತವನು ನಿಮ್ಮ ಮಗ ತಾನೇ ಎಂದು ಕೇಳಬೇಕೆನಿಸಿತು. ಕೇಳಿದರೆ ತಪ್ಪಾಗುತ್ತದೆಂದು ಸುಮ್ಮನಾದೆ, ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು.

ಈಗ ನನ್ನ ತಪ್ಪು. ನಿಮ್ಮ 22ನೆಯ ಪತ್ರ ನನ್ನ ಕೈಗೆ ಬರುವ ಎರಡು ವಾರ ಮೊದಲೇ ನಾನು ಫಾರ್ಮಿಗೆ ಸಹಿ ಹಾಕಿ ಕಳಿಸಿಯಾಗಿತ್ತು. ನಿಮ್ಮನ್ನು ಕೇಳಿದ್ದು ನಿಜ. ಉತ್ತರಕ್ಕೆ ಕಾಯಲಾಗಲಿಲ್ಲ ಎಂಬುದೂ ನಿಜ. ರಿಷಿಕಾ ಆ ವಾರ ಮತ್ತೆ ಕೇಳಿದಳು. ನೀವು ಬೇಡ ಎಂದದ್ದನ್ನು ಓದಿದ ಮೇಲೆ ಹೇಳುವ ಧೈರ್ಯ ಬರಲಿಲ್ಲ. "ವಕೀಲೆಗೆ ತಿಳಿಸಿದ್ದೇನೆ" ಎಂದು ಬರೆದೆ. ಅದರಲ್ಲಿ ಸುಳ್ಳಿಲ್ಲ, ಆದರೆ ಸುಳ್ಳಿನ ಕೆಲಸವನ್ನೇ ಮಾಡಿತು.

ಏಪ್ರಿಲ್‌ನಲ್ಲಿ ನಾನು ಹೋದದ್ದು ಕ್ಯಾಲಿಫೋರ್ನಿಯಾಕ್ಕೆ. ನಾಲ್ಕು ದಿನ ವಿಚಾರಣೆ ನಡೆಯಿತು. ನೀವು ಇನ್‌ಚಾರ್ಜ್ ಎಂದ ಆ ಸಾಹೇಬರು ಅರವತ್ತು ದಾಟಿದ ಹೆಂಗಸು. ಒಂದು ದಿನವೂ ಮುಂದಕ್ಕೆ ಹಾಕಲಿಲ್ಲ. ಕಾರ್ಖಾನೆಯವರು ಎರಡು ವರ್ಷ ಕೊಡದೆ ಇಟ್ಟುಕೊಂಡಿದ್ದ ವಾಕಿಟಾಕಿಯ ಧ್ವನಿಮುದ್ರಣವನ್ನು ತರಿಸಿಕೊಂಡವರೂ ಅವರೇ. ಅದನ್ನು ಕೋರ್ಟಿನಲ್ಲಿ ಕೇಳಿಸಿದರು. ಇವರ ದನಿಯನ್ನು ನಾನು ಎರಡೂವರೆ ವರ್ಷದ ಮೇಲೆ ಕೇಳಿದೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ.

ಈ ತಿಂಗಳು ತೀರ್ಪು ಬಂತು. ಪ್ರತಿ ಇದರ ಜೊತೆಗಿದೆ, ಮೂವತ್ತೊಂದು ಪುಟ. ಏನಾಯಿತೆಂದು ನಾನು ಬರೆದರೆ ಅದು ಸೊಸೆಯ ಮಾತಾಗುತ್ತದೆ. ಬರೆದದ್ದಷ್ಟೇ ದಾಖಲೆ ಎನ್ನುವವರು ನೀವು. ಹತ್ತೊಂಬತ್ತನೆಯ ಪುಟಕ್ಕೆ ಚೀಟಿ ಇಟ್ಟಿದ್ದೇನೆ. ಅತ್ತೆಯವರಿಗೂ ನಾನು ಫೋನಿನಲ್ಲಿ ಹೇಳಿಲ್ಲ. ಅವರಿಗೆ ನೀವೇ ಓದಿ ಹೇಳಬೇಕು.

ರಿಷಿಕಾಳಿಗೂ ಇನ್ನೂ ತೋರಿಸಿಲ್ಲ. ನಿಮ್ಮ ಉತ್ತರ ಬಂದ ಮೇಲೆ. ಈ ಸಲ ಕಾಯುತ್ತೇನೆ.

ರೋಹಿಣಿ


ಗದಗ
20 ಜುಲೈ 2025

ರೋಹಿಣಿ, ತಾಯಿ,

ಈ ಪತ್ರಕ್ಕೆ ಸಂಖ್ಯೆ ಹಾಕಿಲ್ಲ. ಸಂಖ್ಯೆ ಹಾಕುವುದು ಬಾಕಿ ಇರುವ ಕಡತಕ್ಕೆ.

ನಿನ್ನ ಲಕೋಟೆ ಬಂದು ನಾಲ್ಕು ದಿನ ಅದನ್ನು ಒಡೆಯಲಿಲ್ಲ. ದಪ್ಪ ನೋಡಿಯೇ ತೀರ್ಪೆಂದು ತಿಳಿಯಿತು. ಇಷ್ಟು ವರ್ಷ ಎಷ್ಟೋ ಜನರ ಕೈಗೆ ತೀರ್ಪಿನ ನಕಲು ಕೊಟ್ಟಿದ್ದೇನೆ. ಕೆಲವರು ಅದನ್ನು ಬಿಚ್ಚದೆ ಬಸ್‌ಸ್ಟ್ಯಾಂಡಿನವರೆಗೆ ಹಾಗೇ ಹಿಡಿದುಕೊಂಡು ಹೋಗುತ್ತಿದ್ದರು. ಎಂಥ ಪುಕ್ಕಲು ಜನ ಎಂದು ನಗುತ್ತಿದ್ದೆ.

ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಮಸೂದೆ ಬಿದ್ದ ದಿನ ನನಗೆ ಸಮಾಧಾನವಾದದ್ದು ನಿಜ. ಇನ್‌ಚಾರ್ಜ್ ಸಾಹೇಬರು ತೀರ್ಪು ಕೊಡುವುದಿಲ್ಲ ಎಂದು ಬರೆದೆನಲ್ಲ, ಅದನ್ನು ನಾನು ನಂಬಿದ್ದೆ. ಆದರೆ ಸಹಿ ಬೇಡವೆಂದದ್ದು ಅದಕ್ಕಲ್ಲ. ಅಲ್ಲಿ ಯಾರಾದರೂ ಕೂತು ನಿಜವಾಗಿಯೇ ತೀರ್ಪು ಕೊಟ್ಟುಬಿಟ್ಟರೆ ಎಂದು ನಾನು ಹೆದರಿದ್ದೆ.

ಶಿವಯೋಗಿ ತೀರಿಕೊಂಡ ಆ ಅಕ್ಟೋಬರಿನಲ್ಲಿ ವಿದ್ಯಾಶ್ರೀಯ ನಿಶ್ಚಯವಿತ್ತು, ನಿನಗೆ ನೆನಪಿರಬೇಕು. ಅದಕ್ಕೆ ಇನ್ನೂ ಕೆಲವು ದಿನವಿದ್ದಾಗ ಒಂದು ಸಂಜೆ ನಾನು ಅವನಿಗೆ ಫೋನ್ ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ, ಅವನು ಕೆಲಸಕ್ಕೆ ಹೊರಟಿದ್ದ. ಪರ್ಮಿಟ್ಟು, ಪರೀಕ್ಷೆ ಎಂದು ಅಲ್ಲಿ ಬಹಳ ಕಾಯಿಸುತ್ತಾರೆ ಅಪ್ಪ ಎಂದ. ನಾನು ಹೇಳಿದೆ: "ಕಾಯಕೋತ ಕುಂದರಬ್ಯಾಡ. ಲಗೂನ ಮುಗಿಸಿ ಬಾ. ನಾಕ ಮಂದಿ ಬರತಾರ, ಅಣ್ಣ ಎಲ್ಲಿ ಅಂತ ಕೇಳತಾರ." ಹೂಂ ಎಂದು ಇಟ್ಟ. ನಾಲ್ಕು ತಾಸಿಗೆ ಆ ಇನ್ನೊಂದು ಫೋನ್ ಬಂತು.

ಅವನು ಮೊದಲೇ ಅವಸರದವನು. ಮೇಲೆ ಅಪ್ಪನ ಮಾತು ಬೇರೆ. ವರದಿಯಲ್ಲಿ "ಆತುರದಿಂದ" ಎಂದು ಬರೆದದ್ದನ್ನು ನಾನು ಮೊದಲ ದಿನದಿಂದಲೂ ನಂಬಿದೆ. ಆ ಆತುರ ನಾನು ಕೊಟ್ಟದ್ದು ಎಂದೂ ನಂಬಿದೆ. ಯಾರಿಗೂ ಹೇಳಲಿಲ್ಲ. ಆವತ್ತಿನಿಂದ ಫೋನ್ ಎತ್ತಲು ನನ್ನಿಂದ ಆಗಲಿಲ್ಲ. ನನ್ನ ಕಿವಿ ಚೆನ್ನಾಗಿಯೇ ಇವೆ, ರೋಹಿಣಿ. ನಿನ್ನ ಅತ್ತೆಗೆ ಇದು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

ಗುರುವಾರ ಜಯತೀರ್ಥರನ್ನು ಕರೆಸಿ ಲಕೋಟೆ ಒಡೆಸಿದೆ. ಇಂಗ್ಲಿಷ್ ನನಗೆ ಬರುತ್ತದೆ, ಆದರೂ ನೀವೇ ಓದಿ ಎಂದೆ. ನಿನ್ನ ಅತ್ತೆಯನ್ನೂ ಕೂರಿಸಿಕೊಂಡೆ. ಜಯತೀರ್ಥರು ಹತ್ತೊಂಬತ್ತನೆಯ ಪುಟ ಓದಿದರು.

ಶಿವಯೋಗಿ ಟ್ಯಾಂಕಿನ ಬಾಯಿಯ ಹತ್ತಿರ ಇಪ್ಪತ್ತೆರಡು ನಿಮಿಷ ನಿಂತಿದ್ದ. ಕೊಳವೆ ಮುಚ್ಚಿದೆಯೇ ಎಂದು ವಾಕಿಟಾಕಿಯಲ್ಲಿ ಕಂಟ್ರೋಲ್ ರೂಮನ್ನು ಕೇಳಿದ. ಉತ್ತರವಿಲ್ಲ. ಒಂಬತ್ತು ನಿಮಿಷ ಬಿಟ್ಟು ಮತ್ತೆ ಕೇಳಿದ. ನೋಡುತ್ತೇವೆ ಎಂದರು. ಮತ್ತೆ ಕಾದು ಮೂರನೆಯ ಸಲ ಕೇಳಿದ. ಮುಚ್ಚಿದೆ, ಇಳಿಯಬಹುದು ಎಂದರು. ಮುಚ್ಚಿರಲಿಲ್ಲ. "ಮೃತರು ತಮ್ಮ ಕಡೆಯಿಂದ ಮಾಡಬೇಕಾದ ಎಲ್ಲವನ್ನೂ ಮಾಡಿದ್ದರು. ಅವರ ತಪ್ಪೇನೂ ಇಲ್ಲ" ಎಂದು ತೀರ್ಪು ಕೊಟ್ಟ ಆ ತಾಯಿ ಬರೆದಿದ್ದಾರೆ. ಜಯತೀರ್ಥರು ಆ ಸಾಲನ್ನು ಓದಿದರು. ನಾನು ಇನ್ನೊಮ್ಮೆ ಓದಿ ಎಂದೆ. ನಿನ್ನ ಅತ್ತೆ ಅತ್ತಳು. ನಾನೂ ಅತ್ತುಬಿಟ್ಟೆ, ಹೇಳಿಕೊಳ್ಳಲು ಸಂಕೋಚವಿಲ್ಲ.

ಅವನು ಎಂಟು ವರ್ಷದವನಿದ್ದಾಗ ಕೋರ್ಟಿನ ಬಾಗಿಲಲ್ಲಿ ನಿಂತು ಕಿಟ್ಟಿಯನ್ನು ಕೇಳಿದ್ದ, "ಕಾಕಾ, ಮೂರ ಸಲ ಯಾಕ ಕೂಗತಿ? ಒಂದ ಸಲ ಸಾಲಂಗಿಲ್ಲೇನ?" ಕಿಟ್ಟಿ ಹೇಳಿದ, "ಮೊದಲನೇ ಸಲ ಕೇಳಿರಂಗಿಲ್ಲ. ಎರಡನೇ ಸಲಕ್ಕ ಓಡಿ ಬರತಿರತಾರ. ಮೂರನೇದು ಕೂಗಲಾರದ ಗೈರುಹಾಜರಿ ಹಾಕಿದರ ಪಾಪ ನಮಗ ಹತ್ತತೈತಿ." ಆ ಬೇಸಿಗೆಯೆಲ್ಲ ಅವನು ಮನೆಯಲ್ಲೂ ಮೂರು ಸಲ ಕೂಗದೆ ಬಾಗಿಲು ದಾಟಲಿಲ್ಲ. ಬಚ್ಚಲದ ಬಾಗಿಲಿಗೂ ಮೂರು ಸಲ. ನಿನ್ನ ಅತ್ತೆ ಬೈಯುತ್ತಿದ್ದಳು. ರೊಟ್ಟಿಗೆ ಕೈ ಹಾಕಿ ಸುಟ್ಟುಕೊಂಡದ್ದನ್ನು ನಾನು ನೆನಪಿಟ್ಟುಕೊಂಡೆ, ಇದನ್ನು ಮರೆತೆ.

ನಾನು ಕಾಯಬೇಡ ಎಂದಿದ್ದೆ. ಅವನು ಕಾದ.

ನೀನು ನನ್ನ ಮಾತು ಕೇಳದೆ ಸಹಿ ಹಾಕಿದ್ದು ಒಳ್ಳೆಯದಾಯಿತು. ಕೇಳಿದ್ದರೆ ನಾನು ಇದನ್ನು ತಿಳಿಯದೆಯೇ ಸಾಯುತ್ತಿದ್ದೆ. ಆ ಸಾಹೇಬರಿಗೆ ನನ್ನ ನಮಸ್ಕಾರ ಮುಟ್ಟಿಸಲು ದಾರಿಯಿದ್ದರೆ ಮುಟ್ಟಿಸು. ಹೊಸ ಮಸೂದೆ ಬೇಗ ಪಾಸಾಗಲಿ. ಈಗ ಮನಸಾರೆ ಹೇಳುತ್ತಿದ್ದೇನೆ. ಕಾಯುತ್ತಾ ಕೂತವರಲ್ಲಿ ನನ್ನಂಥವರು ಇನ್ನೂ ಎಷ್ಟು ಜನರೋ.

ರಿಷಿಕಾಳಿಗೆ ನೀನು ಏನೂ ಹೇಳಬೇಡ. ಅವಳ ಪ್ರಶ್ನೆಗೆ ಉತ್ತರ ನಾನು ಹೇಳಬೇಕು, ಬಾಯಿಂದಲೇ ಹೇಳಬೇಕು. ಈ ಕಾಗದ ಸಿಕ್ಕ ದಿನ ಸಂಜೆ ಅವಳ ಕೈಯಿಂದಲೇ ಫೋನ್ ಮಾಡಿಸು. ನಿನ್ನ ಅತ್ತೆಗೆ ಎತ್ತಬೇಡ ಎಂದು ಹೇಳಿದ್ದೇನೆ. ಒಂದು ರಿಂಗಿಗೆ ನನ್ನಿಂದ ಆಗಲಿಕ್ಕಿಲ್ಲ. ಇಡಬೇಡ ಎಂದು ಅವಳಿಗೆ ಹೇಳು, ಮೂರನೆಯದಕ್ಕೆ ಎತ್ತುತ್ತೇನೆ.

ನಿನ್ನ ಮಾವ,
ಈರಬಸಪ್ಪ